ಹಿತ್ತಾಳೆಯ ಪಕ್ಕ ಸ್ಟೀಲು, ಸ್ಟೀಲಿನ ಪಕ್ಕ ಕಪ್ಪು: ಮನೆಯೊಳಗೆ ಲೋಹಗಳನ್ನು ಹೊಂದಿಸುವ ಬಗೆ

ಮನೆ ಕಟ್ಟಿಸುವವರಿಗೆ, ಫ್ಲ್ಯಾಟಿಗೆ ಒಳಾಂಗಣ ಮಾಡಿಸುವವರಿಗೆ ಕೊನೆಯ ಹಂತದಲ್ಲಿ ಒಂದು ಗೊಂದಲ ಎದುರಾಗುತ್ತದೆ. ಬಚ್ಚಲುಮನೆಗೆ ಕ್ರೋಮ್ ಲೇಪದ ನಲ್ಲಿ ಬಂದು ಕೂತಿದೆ. ವಾರ್ಡ್‌ರೋಬಿನ ಹಿಡಿಗೆಂದು ಬಡಗಿ ತೋರಿಸುತ್ತಿರುವುದು ಚಿನ್ನದ ಬಣ್ಣ. ಕಿಟಕಿಯ ಗ್ರಿಲ್ಲಿಗೆ ಕಪ್ಪು ಪೇಂಟ್ ಆಗಿಹೋಗಿದೆ. ಊರಿಂದ ಅಜ್ಜಿಯ ಕಾಲದ ಹಿತ್ತಾಳೆ ದೀಪದ ಕಂಬ, ತಾಮ್ರದ ಹಂಡೆ ಬರಬೇಕಿದೆ. ಇಷ್ಟೂ ಒಂದೆಡೆ ಸೇರಿದರೆ ಮನೆ ಪಾತ್ರೆ ಅಂಗಡಿಯಂತಾದೀತು ಎಂಬ ಭಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಲಹೆಯೂ ಸುಲಭದ್ದೇ: ಎಲ್ಲವನ್ನೂ ಒಂದೇ ಫಿನಿಶ್‌ನಲ್ಲಿ, ಅಂದರೆ ಒಂದೇ ಬಣ್ಣ ಮತ್ತು ಹೊಳಪಿನಲ್ಲಿ, ತೆಗೆದುಕೊಂಡುಬಿಡಿ.

ಆ ಸಲಹೆ ಹೋಟೆಲಿನ ಕೋಣೆಗೆ ಸರಿ. ದೀಪ, ಚೊಂಬು, ಸ್ಟೀಲ್ ಡಬ್ಬಿ, ಗ್ರಿಲ್ಲು, ಬೀರು ಎಲ್ಲ ಇರುವ ಮನೆಯಲ್ಲಿ ಅದನ್ನು ಪಾಲಿಸಲು ಹೊರಟರೆ ಒಂದೋ ದುಡ್ಡು ಸುರಿಯಬೇಕು, ಇಲ್ಲವೇ ಇಷ್ಟದ ವಸ್ತುಗಳನ್ನು ಅಟ್ಟಕ್ಕೇರಿಸಬೇಕು. ಎರಡೂ ಬೇಕಿಲ್ಲ.

ಪೂಜೆಗೆ ಅಣಿಮಾಡಿದ ಜಾಗವನ್ನು ಹತ್ತಿರದಿಂದ ನೋಡಿ. ಪಂಚಪಾತ್ರೆ, ಉದ್ಧರಣೆ ತಾಮ್ರದವು. ದೀಪ, ಹಲಗಾರತಿ ಹಿತ್ತಾಳೆಯವು. ಗಂಟೆ ಕಂಚಿನದು. ಕುಂಕುಮದ ಬಟ್ಟಲು, ವರಮಹಾಲಕ್ಷ್ಮಿಯ ಮುಖವಾಡ ಬೆಳ್ಳಿಯವು. ಎರಡಡಿ ಜಾಗದಲ್ಲಿ ನಾಲ್ಕು ಲೋಹಗಳಿದ್ದರೂ ಯಾರ ಕಣ್ಣಿಗೂ ಅದು ಗಜಿಬಿಜಿ ಅನ್ನಿಸುವುದಿಲ್ಲ. ಅಲ್ಲಿ ಒಂದೊಂದು ಲೋಹಕ್ಕೂ ಒಂದೊಂದು ಕೆಲಸ ಗೊತ್ತಾಗಿದೆ. ನೀರು ತಾಮ್ರಕ್ಕೆ, ಬೆಳಕು ಹಿತ್ತಾಳೆಗೆ, ನಾದ ಕಂಚಿಗೆ, ಅಲಂಕಾರ ಬೆಳ್ಳಿಗೆ. ಮನೆಯ ಉಳಿದ ಕೋಣೆಗಳಿಗೂ ಇದೇ ಕ್ರಮ ಸಾಕು: ಒಂದು ಕೋಣೆಯಲ್ಲಿ ಒಂದು ಕೆಲಸಕ್ಕೆ ಒಂದೇ ಲೋಹ. ನಲ್ಲಿಗಳೆಲ್ಲ ಒಂದು, ಹಿಡಿಗಳೆಲ್ಲ ಒಂದು, ದೀಪಗಳೆಲ್ಲ ಒಂದು. ಹೀಗೆ ಹಂಚಿಕೊಂಡರೆ ಬೇರೆ ಬೇರೆ ಲೋಹಗಳು ಬೇಕೆಂದೇ ಇಟ್ಟಂತೆ ಕಾಣುತ್ತವೆ. ಒಂದೇ ಕಪಾಟಿನಲ್ಲಿ ಎರಡು ಬಾಗಿಲಿಗೆ ಸ್ಟೀಲ್ ಹಿಡಿ, ಮೂರನೆಯದಕ್ಕೆ ಹಿತ್ತಾಳೆ ಹಿಡಿ ಇದ್ದರೆ ಮಾತ್ರ ಸ್ಟಾಕ್ ಮುಗಿದಿತ್ತು ಎಂಬಂತೆ ಕಾಣುತ್ತದೆ.

1. ಇರುವುದನ್ನು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಕೋಣೆಯ ಮಧ್ಯೆ ನಿಂತು ಕಣ್ಣಿಗೆ ಬೀಳುವ ಲೋಹವನ್ನೆಲ್ಲ ಪಟ್ಟಿ ಮಾಡಿ. ಬದಲಿಸಲು ಆಗದವು ಒಂದು ಕಡೆ: ಗ್ರಿಲ್ಲು, ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟು, ಸಿಂಕು, ಗೋಡೆಯೊಳಗೆ ಕೂತ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಸಾಧನ), ಬಾಗಿಲಿನ ಬೀಗ. ಎತ್ತಿ ಇಡಬಹುದಾದವು ಇನ್ನೊಂದು ಕಡೆ: ದೀಪ, ಕನ್ನಡಿ, ಹೂದಾನಿ, ಟೀಪಾಯಿಯ ಕಾಲು, ಪರದೆಯ ರಾಡು.

ಹೆಚ್ಚಿನವರ ಪಟ್ಟಿಯಲ್ಲಿ ಬಿಟ್ಟುಹೋಗುವುದು ದೊಡ್ಡ ವಸ್ತುಗಳೇ. ಫ್ರಿಜ್ಜು, ಚಿಮಣಿ, ಮೈಕ್ರೋವೇವ್, ಸೀಲಿಂಗ್ ಫ್ಯಾನು. ಬೆಳ್ಳಿಬಣ್ಣದ ಎರಡು ಬಾಗಿಲಿನ ಫ್ರಿಜ್ಜು ಅಡುಗೆಮನೆಯ ಅತಿ ದೊಡ್ಡ ಲೋಹದ ಮೈ. ಅದನ್ನು ಲೆಕ್ಕಕ್ಕೆ ಹಿಡಿಯದೆ ಹಿಡಿಗಳ ಬಣ್ಣ ತೀರ್ಮಾನಿಸಿದರೆ ಆಮೇಲೆ ಯಾಕೋ ಹೊಂದುತ್ತಿಲ್ಲ ಎನ್ನಿಸುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಬಾಡಿಗೆ ಮನೆಯವರಿಗೆ ಈ ಹೆಜ್ಜೆಯೇ ಅರ್ಧ ಕೆಲಸ. ಮಾಲೀಕರು ಹಾಕಿಸಿದ ಕ್ರೋಮ್ ನಲ್ಲಿ, ಸ್ಟೀಲ್ ಚಿಲಕವನ್ನು ಮುಟ್ಟುವಂತಿಲ್ಲ. ಅಮೆರಿಕದಲ್ಲಿರುವವರಿಗೆ ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮಾಮೂಲಾದ ಬ್ರಶ್ಡ್ ನಿಕಲ್ (ಹೊಳಪು ತಗ್ಗಿಸಿದ ನಿಕಲ್ ಲೇಪ) ಇದೇ ಸ್ಥಾನದಲ್ಲಿರುತ್ತದೆ. ಅದನ್ನೇ ಮುಖ್ಯ ಲೋಹವೆಂದು ಒಪ್ಪಿಕೊಂಡು, ಊರಿಂದ ಒಯ್ದ ಹಿತ್ತಾಳೆಯನ್ನು ಎರಡನೆಯ ಸ್ಥಾನದಲ್ಲಿ ಕೂರಿಸಿದರೆ ಆಯಿತು.

2. ಬಣ್ಣದ ಜೊತೆ ಹೊಳಪನ್ನೂ ನೋಡಿ

ಲೋಹಗಳಲ್ಲಿ ಬೆಚ್ಚನೆಯ ಬಣ್ಣದವು ಹಿತ್ತಾಳೆ, ತಾಮ್ರ, ಕಂಚು, ಚಿನ್ನದ ಲೇಪ. ತಣ್ಣನೆಯ ಬಣ್ಣದವು ಸ್ಟೀಲು, ಕ್ರೋಮ್, ಅಲ್ಯೂಮಿನಿಯಂ, ಬೆಳ್ಳಿ. ಬೆಳ್ಳಿಯಂತೆ ಕಾಣುವ, ಆದರೆ ಚೂರೂ ಬೆಳ್ಳಿಯಿಲ್ಲದ ಜರ್ಮನ್ ಸಿಲ್ವರ್ ಕೂಡ ಈ ಗುಂಪಿನದೇ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ನಿಕಲ್ ಲೇಪದಲ್ಲಿ ತುಸು ಹಳದಿ ಛಾಯೆ ಇರುವುದರಿಂದ ಅದು ಎರಡು ಗುಂಪಿನ ನಡುವೆ ನಿಲ್ಲುತ್ತದೆ, ಹಿತ್ತಾಳೆಯ ಜೊತೆ ಕ್ರೋಮ್‌ಗಿಂತ ಬೇಗ ಹೊಂದಿಕೊಳ್ಳುತ್ತದೆ. ಕಪ್ಪು ಎರಡೂ ಕಡೆಗೆ ಸಲ್ಲುತ್ತದೆ.

ಇಷ್ಟು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಬಣ್ಣದಷ್ಟೇ ಮುಖ್ಯವಾದದ್ದು ಹೊಳಪು. ಕನ್ನಡಿಯಂತೆ ಮಿನುಗುವ ಕ್ರೋಮ್ ಪಕ್ಕ ಅಷ್ಟೇ ಮಿನುಗುವ ಚಿನ್ನದ ಲೇಪ ಇಟ್ಟರೆ ಎರಡೂ ಒಟ್ಟಿಗೆ ಕಣ್ಣು ಸೆಳೆಯುತ್ತವೆ, ನೋಟ ಎಲ್ಲೂ ನಿಲ್ಲುವುದಿಲ್ಲ. ಅದೇ ಎರಡು ಬಣ್ಣಗಳನ್ನು ಬ್ರಶ್ಡ್ ಫಿನಿಶ್‌ನಲ್ಲಿ, ಅಂದರೆ ಸಣ್ಣ ಗೆರೆಗಳೆಳೆದು ಹೊಳಪು ತಗ್ಗಿಸಿದ ರೂಪದಲ್ಲಿ ಇಟ್ಟರೆ ಜಗಳವೇ ಇಲ್ಲ. ಆದ್ದರಿಂದ ಬಣ್ಣ ಬದಲಿಸುವಾಗ ಹೊಳಪನ್ನು ಒಂದೇ ಮಟ್ಟದಲ್ಲಿಡಿ. ಹೊಳಪು ಬದಲಿಸಬೇಕೆಂದಿದ್ದರೆ ಬಣ್ಣವನ್ನು ಒಂದೇ ಗುಂಪಿನಲ್ಲಿಡಿ. ಒಂದೇ ಸಲಕ್ಕೆ ಎರಡನ್ನೂ ಬದಲಿಸುವುದು ಕಷ್ಟದ ದಾರಿ.

3. ಯಾವುದು ಮುಖ್ಯ, ಯಾವುದು ಜೊತೆಗಾರ

ಒಂದು ಕೋಣೆಗೆ ಎರಡು ಲೋಹ ಸುಲಭ, ಮೂರು ಚೆನ್ನ, ನಾಲ್ಕನೆಯದು ಬಂದರೆ ಕೈ ಪಳಗಿರಬೇಕು. ಕೋಣೆಯಲ್ಲಿ ಲೋಹದ ವಸ್ತುಗಳು 10 ಇದ್ದರೆ ಅವುಗಳಲ್ಲಿ 6 ಅಥವಾ 7 ಮುಖ್ಯ ಲೋಹದಲ್ಲಿರಲಿ, 2 ಅಥವಾ 3 ಎರಡನೆಯದರಲ್ಲಿ, ಒಂದು ಮೂರನೆಯದರಲ್ಲಿ. ಇದು ಅಂದಾಜಿನ ಲೆಕ್ಕ, ಅಳೆದು ತೂಗಬೇಕಿಲ್ಲ. ಎರಡು ಲೋಹಗಳು ಅರ್ಧರ್ಧ ಆಗಬಾರದು ಎಂಬುದಷ್ಟೇ ಅದರ ಸಾರ. ಅರ್ಧರ್ಧ ಇದ್ದರೆ ಯಾವುದು ಮನೆಯದು, ಯಾವುದು ನೆಂಟ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಮುಖ್ಯ ಲೋಹವನ್ನು ಆರಿಸುವುದು ನಿಮ್ಮ ಆಸೆಯಲ್ಲ, ಮೊದಲ ಹೆಜ್ಜೆಯ ಪಟ್ಟಿ. ಬದಲಿಸಲಾಗದವುಗಳಲ್ಲಿ ಯಾವುದು ಹೆಚ್ಚಿದೆಯೋ ಅದೇ ಮುಖ್ಯ. ಆಸೆಪಟ್ಟ ಲೋಹಕ್ಕೆ ಎರಡನೆಯ ಸ್ಥಾನ ಕೊಡಿ. ಕಡಿಮೆ ಇರುವುದರಿಂದಲೇ ಅದು ಎದ್ದು ಕಾಣುತ್ತದೆ.

ಎರಡನೆಯ ಲೋಹ ಕೋಣೆಯಲ್ಲಿ ಎರಡು ಕಡೆಯಾದರೂ ಇರಲಿ, ಸಾಧ್ಯವಾದರೆ ಬೇರೆ ಬೇರೆ ಎತ್ತರದಲ್ಲಿ. ಹಾಲಿನಲ್ಲಿ ಎಲ್ಲವೂ ಕಪ್ಪು ಮತ್ತು ಸ್ಟೀಲ್ ಆಗಿದ್ದು ಮೂಲೆಯಲ್ಲೊಂದು ಹಿತ್ತಾಳೆ ದೀಪದ ಕಂಬ ಮಾತ್ರ ಇದ್ದರೆ ಅದು ಒಂಟಿ. ಅದೇ ಕೋಣೆಯಲ್ಲಿ ಉಯ್ಯಾಲೆಯ ಸರಪಳಿಯೂ ಹಿತ್ತಾಳೆಯದಾದರೆ ಅಥವಾ ಗೋಡೆಯ ದೀಪಕ್ಕೆ ಹಿತ್ತಾಳೆಯ ತಟ್ಟೆ ಬಂದರೆ ಕಂಬಕ್ಕೆ ಸಂಗಾತಿ ಸಿಕ್ಕಿತು. ನೆಲದ ಬಳಿ ಒಂದು, ಕಣ್ಣೆತ್ತರದಲ್ಲಿ ಒಂದು.

4. ಹೆಚ್ಚುಕಮ್ಮಿ ಒಂದೇ ಎನ್ನುವ ಬಣ್ಣಗಳಿಂದ ದೂರವಿರಿ

ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ಹಿತ್ತಾಳೆ ಮತ್ತು ಸ್ಟೀಲು ಅಕ್ಕಪಕ್ಕ ಇದ್ದರೆ ಅದು ಆಯ್ಕೆ ಎನ್ನಿಸುತ್ತದೆ. ಹಿತ್ತಾಳೆಯ ಪಕ್ಕ ಹಿತ್ತಾಳೆಯಂಥದ್ದು ಇದ್ದರೆ ತಪ್ಪು ಎನ್ನಿಸುತ್ತದೆ.

ಅಂಗಡಿಯಲ್ಲಿ ಗೋಲ್ಡ್, ಶಾಂಪೇನ್ ಗೋಲ್ಡ್, ರೋಸ್ ಗೋಲ್ಡ್, ಸ್ಯಾಟಿನ್ ಬ್ರಾಸ್, ಆಂಟಿಕ್ ಬ್ರಾಸ್ ಎಂಬ ಹೆಸರುಗಳಿವೆ. ಆದರೆ ಹೆಸರಿಗೂ ಬಣ್ಣಕ್ಕೂ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಬ್ರಶ್ಡ್ ಗೋಲ್ಡ್ ಇನ್ನೊಂದರ ಬ್ರಶ್ಡ್ ಗೋಲ್ಡ್‌ಗಿಂತ ಕೆಂಪಗಿರಬಹುದು. ನಿಜವಾದ ಹಿತ್ತಾಳೆಯಲ್ಲೇ ಬಣ್ಣ ಬೇರೆಯಾಗುತ್ತದೆ, ಏಕೆಂದರೆ ಅದು ತಾಮ್ರ ಮತ್ತು ಸತುವಿನ ಮಿಶ್ರಣ. ಸತು ಹೆಚ್ಚಿದಷ್ಟೂ ಹಳದಿ, ತಾಮ್ರ ಹೆಚ್ಚಿದಷ್ಟೂ ಕೆಂಪು.

ಇನ್ನೊಂದು ವಿಷಯ ಕೊಳ್ಳುವ ದಿನ ಕಾಣುವುದಿಲ್ಲ. ನಿಜವಾದ ಹಿತ್ತಾಳೆ ಗಾಳಿಗೆ, ಕೈಯ ಬೆವರಿಗೆ ಮಂಕಾಗುತ್ತ ಹೋಗುತ್ತದೆ. ಪಿವಿಡಿ ಲೇಪದ ಚಿನ್ನದ ಬಣ್ಣ, ಅಂದರೆ ನಿರ್ವಾತದ ಪೆಟ್ಟಿಗೆಯಲ್ಲಿ ಆವಿಯ ರೂಪದಲ್ಲಿ ಕೂರಿಸಿದ ಗಟ್ಟಿ ಪದರ, ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇವತ್ತು ಜೋಡಿಯಂತೆ ಕಂಡವು ವರ್ಷ ಕಳೆಯುವಷ್ಟರಲ್ಲಿ ಬೇರೆ ಬೇರೆ ದಾರಿ ಹಿಡಿದಿರುತ್ತವೆ. ಹಾಗಾಗಿ ಹಳೆಯ ಹಿತ್ತಾಳೆ ಇರುವ ಗೋಡೆಯ ಮೇಲೆ ಚಿನ್ನದ ಲೇಪದ ಹೊಸ ವಸ್ತು ಬೇಡ. ಅದನ್ನು ಬೇರೆ ಕೋಣೆಗೆ ಕಳಿಸಿ.

ನಿಜವಾದ ಹಿತ್ತಾಳೆಯೋ ಅಲ್ಲವೋ ತಿಳಿಯಲು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ. ಅಂಟದಿದ್ದ ಮಾತ್ರಕ್ಕೆ ಹಿತ್ತಾಳೆ ಎನ್ನುವಂತಿಲ್ಲ, ಬಹಳಷ್ಟು ಹಿಡಿಗಳು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಲೇಪ ಕೊಟ್ಟವು. ಕೈಯಲ್ಲಿ ಹಿಡಿದಾಗ ಅದೇ ಗಾತ್ರದ ಹಿತ್ತಾಳೆಗಿಂತ ಹಗುರವಿರುತ್ತವೆ. ಲೇಪವಿದ್ದದ್ದು ಕಳಪೆ ಎಂದೇನಲ್ಲ. ಏನು ಕೊಳ್ಳುತ್ತಿದ್ದೇವೆಂದು ಗೊತ್ತಿದ್ದರೆ ಅದನ್ನು ನೋಡಿಕೊಳ್ಳುವ ಬಗೆಯೂ ಗೊತ್ತಾಗುತ್ತದೆ.

5. ಕಪ್ಪನ್ನು ಮಧ್ಯಸ್ಥನಾಗಿ ಬಳಸಿ

ಬೆಚ್ಚನೆಯ ಬಣ್ಣದ್ದೂ ತಣ್ಣನೆಯದೂ ಒಂದೇ ಕೋಣೆಯಲ್ಲಿ ಸೇರಲೇಬೇಕಾದಾಗ ನಡುವೆ ಕಪ್ಪನ್ನು ತನ್ನಿ. ನಮ್ಮ ಮನೆಗಳಲ್ಲಿ ಅದು ಗ್ರಿಲ್ಲಿನ ರೂಪದಲ್ಲಿ ಮೊದಲೇ ಇದೆ. ಪರದೆಯ ರಾಡು, ಮೆಟ್ಟಿಲಿನ ಕಂಬಿ, ಟೀಪಾಯಿಯ ಕಾಲು, ಫ್ಯಾನು ಇವುಗಳಿಗೆ ಮ್ಯಾಟ್ ಕಪ್ಪು, ಅಂದರೆ ಹೊಳಪಿಲ್ಲದ ಕಪ್ಪು, ಒಳ್ಳೆಯ ಆಯ್ಕೆ. ಹೊಳೆಯುವ ಕಪ್ಪು ಬೇಡ, ಅದು ಧೂಳು ಮತ್ತು ಬೆರಳಿನ ಗುರುತು ಎರಡನ್ನೂ ತೋರಿಸುತ್ತದೆ.

ಕಪ್ಪು ಮತ್ತು ಬಿಳಿಲೋಹ ಹೇಗೆ ಜೊತೆಗಿರಬಲ್ಲವು ಎಂದು ಕಲಿಯಬೇಕಾದರೆ ಒಂದು ಬಿದರಿ ಹೂದಾನಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಬೀದರಿನ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅದರ ಮೈಮೇಲೆ ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಗೀರುಗಳೊಳಗೆ ಬೆಳ್ಳಿಯ ತಂತಿ ಅಥವಾ ತೆಳು ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಳಸಿದಾಗ ಮೈಯೆಲ್ಲ ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಗಮನಿಸಬೇಕಾದದ್ದು ಪ್ರಮಾಣ. ಕಪ್ಪು ವಿಶಾಲ, ಹೊಳಪಿಲ್ಲದ್ದು. ಬೆಳ್ಳಿ ಅದರ ಮೇಲೆ ತೆಳು ಗೆರೆಯಾಗಿ ಹೊಳೆಯುತ್ತದೆ. ಕಪ್ಪು ಹಿಡಿಗಳಿರುವ ಷೋಕೇಸಿನಲ್ಲಿ ಇಂಥದ್ದೊಂದನ್ನು ಇಟ್ಟರೆ ಪಕ್ಕದ ಸ್ಟೀಲಿಗೂ ಕಪ್ಪಿಗೂ ನಂಟು ತಾನಾಗಿ ಬೆಳೆಯುತ್ತದೆ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕಪ್ಪು ಕಿತ್ತುಬರುತ್ತದೆ. ಮೆತ್ತನೆಯ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

6. ಕೋಣೆಯಿಂದ ಕೋಣೆಗೆ

ಬಚ್ಚಲುಮನೆಯಲ್ಲಿ ಧೈರ್ಯ ಕಡಿಮೆ ಇರಲಿ. ನಲ್ಲಿ, ಶವರ್, ಡೈವರ್ಟರ್, ಹೆಲ್ತ್ ಫಾಸೆಟ್, ಆಂಗಲ್ ವಾಲ್ವ್ (ಗೋಡೆಯ ಬಳಿ ನೀರು ನಿಲ್ಲಿಸುವ ಪುಟ್ಟ ವಾಲ್ವ್), ಬಾಟಲ್ ಟ್ರ್ಯಾಪ್ (ಬೇಸಿನ್ ಕೆಳಗಿನ ಕೊಳವೆ), ನೆಲದ ಜಾಲರಿ ಇವಿಷ್ಟೂ ಒಂದೇ ಕಂಪನಿಯ ಒಂದೇ ಫಿನಿಶ್ ಆಗಿರಲಿ. ಕಪ್ಪು ಅಥವಾ ಚಿನ್ನದ ಬಣ್ಣ ಇಷ್ಟವಾದರೆ ಮುಂಗಡ ಕೊಡುವ ಮೊದಲು ಆಂಗಲ್ ವಾಲ್ವ್, ಜಾಲರಿ, ಶವರ್ ಗಾಜಿನ ಕೀಲು ಇವೂ ಆ ಬಣ್ಣದಲ್ಲಿ ಸಿಗುತ್ತವೆಯೇ ಎಂದು ಕೇಳಿ. ಕೊನೆಗೆ ಪ್ಲಂಬರ್ ಕೈಗೆ ಸಿಕ್ಕ ಕ್ರೋಮ್ ವಾಲ್ವ್ ಹಾಕಿ ಹೋಗುವ ಮನೆಗಳು ಬಹಳ.

ನೀರನ್ನೂ ವಿಚಾರಿಸಬೇಕು. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ಪ್ರತಿ ಹನಿಯೂ ಆರಿದ ಮೇಲೆ ಬಿಳಿ ಸುಣ್ಣದ ಕಲೆ ಬಿಡುತ್ತದೆ. ಮ್ಯಾಟ್ ಕಪ್ಪಿನ ಮೇಲೆ ಅದು ಅತಿ ಹೆಚ್ಚು ಕಾಣುತ್ತದೆ, ಕನ್ನಡಿ ಹೊಳಪಿನ ಕ್ರೋಮ್ ಮೇಲೆ ಅದಕ್ಕಿಂತ ಕಡಿಮೆ, ಬ್ರಶ್ಡ್ ನಿಕಲ್ ಅಥವಾ ಬ್ರಶ್ಡ್ ಸ್ಟೀಲ್ ಮೇಲೆ ಎಲ್ಲಕ್ಕಿಂತ ಕಡಿಮೆ. ದಿನಾ ಒಣಬಟ್ಟೆಯಲ್ಲಿ ಒರೆಸುವ ರೂಢಿ ಇಲ್ಲದ ಮನೆಗೆ ಕಪ್ಪು ನಲ್ಲಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಟೈಲ್ಸ್ ತೊಳೆಯುವ ಆ್ಯಸಿಡ್ ಅಂತೂ ಯಾವ ಲೇಪಕ್ಕೂ ತಾಗಬಾರದು. ಅದರ ಹಬೆಗೇ ಸ್ಟೀಲಿನ ಮೇಲೆ ಚುಕ್ಕಿಚುಕ್ಕಿಯಾಗಿ ತುಕ್ಕು ಏಳುತ್ತದೆ. ಎರಡನೆಯ ಲೋಹ ಬೇಕೆನ್ನಿಸಿದರೆ ನೀರು ಬೀಳದ ಕಡೆ ತನ್ನಿ: ಕನ್ನಡಿಯ ಚೌಕಟ್ಟು, ಅದರ ಮೇಲಿನ ದೀಪ, ಕಪಾಟಿನ ಗುಬುಟು.

ಅಡುಗೆಮನೆ ಇದಕ್ಕಿಂತ ಸಲೀಸು. ಸಿಂಕು, ಫ್ರಿಜ್ಜು, ಪಾತ್ರೆ ಸ್ಟ್ಯಾಂಡು, ಡಬ್ಬಿಗಳ ಸಾಲು ಎಲ್ಲ ಸ್ಟೀಲ್ ಆಗಿರುವುದರಿಂದ ಮುಖ್ಯ ಲೋಹ ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿಡಿಗಳು ಹಿತ್ತಾಳೆಯಾಗಲಿ, ತೆರೆದ ಕಪಾಟಿನಲ್ಲಿ ತಾಮ್ರದ ಚೊಂಬು, ಹಿತ್ತಾಳೆಯ ಕೊಳಗ ಕೂರಲಿ. ಆ ಪಾತ್ರೆಗಳಲ್ಲಿ ಅಡುಗೆಯನ್ನೂ ಮಾಡುವುದಾದರೆ ಒಳಗೆ ಕಲಾಯಿ ಇರಬೇಕು, ಹುಳಿ ಪದಾರ್ಥ ನೇರವಾಗಿ ತಾಮ್ರಕ್ಕೆ, ಹಿತ್ತಾಳೆಗೆ ತಾಗಬಾರದು.

ಕರಾವಳಿಯವರಿಗೆ ಒಂದು ಮಾತು. ಕಾರವಾರ, ಉಡುಪಿ, ಮಂಗಳೂರಿನಲ್ಲಿ ಕಡಲಿಗೆ ಹತ್ತಿರದ ಮನೆಯಾದರೆ ಬಾಲ್ಕನಿ, ಮೆಟ್ಟಿಲಿನ ಸ್ಟೀಲ್ ಕಂಬಿಗೆ ಮಾಮೂಲಿ 304 ದರ್ಜೆ ಸಾಲದು, ಉಪ್ಪುಗಾಳಿಗೆ ಕಂದು ಕಲೆ ಬೀಳುತ್ತದೆ. 2ರಿಂದ 3 ಶೇಕಡಾ ಮಾಲಿಬ್ಡಿನಂ ಸೇರಿದ 316 ದರ್ಜೆ ಕೇಳಿ ಪಡೆಯಿರಿ. ತುಸು ದುಬಾರಿ, ಆದರೆ ಹೊರಗಿನ ಕೆಲಸಕ್ಕೆ ಅದೇ ಸರಿ.

7. ಬೆಳಕಿನಲ್ಲಿ ಪರೀಕ್ಷಿಸಿ

ಲೋಹದ ಬಣ್ಣದಲ್ಲಿ ಬಲ್ಬಿನ ಪಾಲು ದೊಡ್ಡದು. ಎಲ್‌ಇಡಿ ಡಬ್ಬಿಯ ಮೇಲೆ ಬರೆದಿರುವ ಕೆಲ್ವಿನ್ ಸಂಖ್ಯೆ ನೋಡಿ. 2700ರಿಂದ 3000ದ ಹಳದಿ ಬೆಳಕಿನಲ್ಲಿ ಹಿತ್ತಾಳೆ, ತಾಮ್ರ ಮೈತುಂಬಿಕೊಂಡು ಕಾಣುತ್ತವೆ. 6500ರ ನೀಲಿಮಿಶ್ರಿತ ಬಿಳಿ ಬೆಳಕಿನಲ್ಲಿ ಅದೇ ಹಿತ್ತಾಳೆ ಪೇಲವವಾಗುತ್ತದೆ, ಕ್ರೋಮ್ ಮಾತ್ರ ಚೂಪಾಗಿ ಹೊಳೆಯುತ್ತದೆ. ಎರಡೂ ಗುಂಪಿನ ಲೋಹಗಳಿರುವ ಕೋಣೆಗೆ 3000 ಅಥವಾ 4000 ಸರಿಹೋಗುತ್ತದೆ. ಟ್ಯೂಬ್‌ಲೈಟಿನ ಬಿಳಿ ಬೆಳಕೇ ಬೆಳಕು ಎಂದು ಒಗ್ಗಿಕೊಂಡ ಹಿರಿಯರಿದ್ದರೆ, ಓದಲು ಬಿಳಿ ದೀಪ ಒಂದಿರಲಿ. ಸಂಜೆ ಕೂರುವ ಹೊತ್ತಿಗೆ ಹಳದಿ ದೀಪ ಬೇರೆ ಸ್ವಿಚ್ಚಿನಲ್ಲಿರಲಿ.

ಹಿಡಿ, ಗುಬುಟಿನಂಥವನ್ನು ಒಂದೊಂದೇ ಸ್ಯಾಂಪಲ್ ತಂದು, ಅವು ಕೂರಬೇಕಾದ ಜಾಗದಲ್ಲಿ ಟೇಪಿನಿಂದ ಅಂಟಿಸಿ. ಹಗಲಲ್ಲಿ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಅಂಗಡಿಯ ಝಗಮಗದಲ್ಲಿ ಎಲ್ಲ ಫಿನಿಶ್‌ಗಳೂ ಚೆಂದವೇ.

8. ಸ್ಕ್ರೂ ಮತ್ತು ತಿಕ್ಕುವ ಪುಡಿ

ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿ, ಅಲ್ಲಿ ತೇವವೂ ಇದ್ದರೆ, ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ. ಹಿತ್ತಾಳೆಯ ಜೊತೆ ಕಬ್ಬಿಣ ಅಥವಾ ಸತು ಲೇಪದ ಸ್ಕ್ರೂ ಹಾಕಿದರೆ ಕೆಡುವುದು ಸ್ಕ್ರೂ. ಬಚ್ಚಲುಮನೆಯ ಟವೆಲ್ ಕಂಬಿಯ ಬುಡದಿಂದ ಗೋಡೆಯ ಮೇಲೆ ಇಳಿಯುವ ಕಂದು ಗೆರೆ ಇದರದ್ದೇ. ಹಿತ್ತಾಳೆಯ ವಸ್ತುವಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಲು ಬಡಗಿಗೆ ಹೇಳಿ.

ತಿಕ್ಕುವ ವಿಷಯದಲ್ಲಿ ಮೊದಲು ತಿಳಿಯಬೇಕಾದ್ದು, ಹಿತ್ತಾಳೆಯ ಮೇಲೆ ಲ್ಯಾಕರ್ (ಬಣ್ಣ ಮಂಕಾಗದಂತೆ ಬಳಿದ ಪಾರದರ್ಶಕ ಪದರ) ಇದೆಯೇ ಎಂಬುದು. ಹಿಂಬದಿಯ ಕಾಣದ ಜಾಗದಲ್ಲಿ ಚೂರು ಹುಣಸೆಹಣ್ಣು ಉಜ್ಜಿ. ಅಷ್ಟು ಜಾಗ ಬೆಳಗಿದರೆ ಬರಿಯ ಹಿತ್ತಾಳೆ. ಹುಣಸೆಹಣ್ಣು, ಪೀತಾಂಬರಿ ಪುಡಿ ಯಾವುದಾದರೂ ನಡೆಯುತ್ತದೆ. ಏನೂ ಬದಲಾಗದಿದ್ದರೆ ಲ್ಯಾಕರ್ ಇದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ ಕೆಲಸ, ಪುಡಿ ಹಾಕಿ ತಿಕ್ಕಿದರೆ ಲ್ಯಾಕರ್ ಅಲ್ಲಲ್ಲಿ ಎದ್ದು ತೇಪೆ ತೇಪೆಯಾಗುತ್ತದೆ. ಎಲ್ಲ ಹಿತ್ತಾಳೆಯೂ ಫಳಫಳ ಎನ್ನಬೇಕೆಂದೂ ಇಲ್ಲ. ದೇವರ ದೀಪ ವಾರಕ್ಕೊಮ್ಮೆ ಬೆಳಗಲಿ. ಹಳೆಯ ಹಂಡೆ, ಬಾಗಿಲ ಚಿಲಕ, ಉಯ್ಯಾಲೆಯ ಸರಪಳಿಗೆ ಕಾಲ ಕೊಟ್ಟ ಮಂಕು ಬಣ್ಣ ಚೆಂದ, ಕಪ್ಪು ಗ್ರಿಲ್ಲಿನ ಜೊತೆಗಂತೂ ಇನ್ನೂ ಚೆಂದ. ಹಸಿರು ಕಿಲುಬು ಕಟ್ಟಲು ಬಿಡದಿದ್ದರೆ ಸಾಕು.

9. ಕೊಳ್ಳುವ ಕ್ರಮ

ಮೊದಲು ನಲ್ಲಿ ಮತ್ತು ಸಿಂಕು, ಏಕೆಂದರೆ ಅವು ಗೋಡೆ ಮತ್ತು ಕಲ್ಲಿನೊಳಗೆ ಕೂರುತ್ತವೆ. ಆಮೇಲೆ ಫ್ರಿಜ್ಜು, ಚಿಮಣಿ, ಫ್ಯಾನು. ನಂತರ ದೀಪಗಳು. ಹಿಡಿಗಳು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಬದಲಿಸಲು ಅವೇ ಸುಲಭ. ಅದಕ್ಕೂ ಒಂದು ಮುನ್ನೆಚ್ಚರಿಕೆ ಬೇಕು: ಹಿಡಿಯ ಎರಡು ಸ್ಕ್ರೂ ತೂತುಗಳ ನಡುವಿನ ಅಂತರ 96, 128 ಅಥವಾ 160 ಮಿಲಿಮೀಟರ್ ಇರುವ ಮಾದರಿಯನ್ನೇ ಆರಿಸಿ. ಇವು ಹೆಚ್ಚಿನ ಕಂಪನಿಗಳಲ್ಲಿ ಸಿಗುವ ಅಳತೆಗಳು. ನಾಲ್ಕು ವರ್ಷದ ಮೇಲೆ ಹಿತ್ತಾಳೆ ಸಾಕೆನ್ನಿಸಿ ಕಪ್ಪು ಹಾಕಿಸುವ ಮನಸ್ಸಾದರೆ ಹಳೆಯ ತೂತಿನಲ್ಲೇ ಹೊಸ ಹಿಡಿ ಕೂರುತ್ತದೆ, ಬಾಗಿಲಿಗೆ ಮತ್ತೆ ಡ್ರಿಲ್ ಹಿಡಿಯಬೇಕಾಗುವುದಿಲ್ಲ.